ಬಚ್ಚಲ ಮಾವಿನ ಕಸಿ

ಈ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಬರೆದು ಮುಗಿಸಿದ್ದೇನೆ. ನಡುಮನೆಯ ಬಗ್ಗೆ ಬರೆದೆ, ರೇಷ್ಮೆ ಹುಳುವಿನ ತಟ್ಟೆಗಳ ಬಗ್ಗೆ ಬರೆದೆ, ಅಜ್ಜಿಯ ಎಲೆಅಡಿಕೆ ಚೀಲದ ಬಗ್ಗೆ ಕೂಡ ಬರೆದೆ. ಹಿತ್ತಲ ಬಾಗಿಲಿನ ತನಕ ಬಂದಾಗಲೆಲ್ಲ ಏನೋ ಒಂದು ನೆಪ ಸಿಗುತ್ತಿತ್ತು, ಪೆನ್ನು ಮುಚ್ಚಿ ಏಳುತ್ತಿದ್ದೆ. ಕಣ್ಣು ಮಂಜಾಗಿದೆ ಎಂದುಕೊಂಡೆ, ಕರೆಂಟು ಹೋಗುವ ಹಾಗಿದೆ ಎಂದುಕೊಂಡೆ. ನಿಜ ಬೇರೆ. ಹಿತ್ತಲಿಗೆ ಕಾಲಿಟ್ಟರೆ ನಾನು ಮಾಡಿದ್ದನ್ನು ಹೇಳಬೇಕಾಗುತ್ತದೆ. ಹೇಳಿದರೆ ಕೇಳಿದವರು ‘ಅಯ್ಯೋ ಬಿಡಿ, ಆಗಿನ ಕಾಲ ಹಾಗಿತ್ತು’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಕಾಲ ಚಾಕು ಹಿಡಿದು ಮರ ಹತ್ತಿದ್ದನ್ನು ನಾನೆಂದೂ ಕಂಡಿಲ್ಲ. ಹತ್ತಿದವನು ನಾನು.

ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ದೊಡ್ಡ ರಸ್ತೆ ಬಿಟ್ಟು ಸ್ವಲ್ಪ ಒಳಗಿತ್ತು ನಮ್ಮ ಹೆಂಚಿನ ಮನೆ. ನಡುಮನೆ ಹುಳುಗಳದು. ಅವುಗಳಿಗೆ ಒಳ್ಳೆಯ ಜಾಗ ಕೊಟ್ಟು ಅಪ್ಪ, ನಾನು ಜಗಲಿಯಲ್ಲಿ ಮಲಗುತ್ತಿದ್ದೆವು. ಅವ್ವ, ಅಜ್ಜಿ, ಅಕ್ಕ ಅಡುಗೆಮನೆಯ ಹೊಗೆಯಲ್ಲಿ. ಅಪ್ಪನಿಗೆ ಅನ್ನ ಕೊಡುತ್ತಿದ್ದುದು ಹುಳು, ಹೆಸರು ಕೊಟ್ಟಿದ್ದು ಹಿತ್ತಲು. ಸಪೋಟ, ಸೀಬೆ, ದಾಳಿಂಬೆ, ಗಜನಿಂಬೆ, ಒಂದು ಹಲಸು. ಕಸಿ ಕಟ್ಟುವುದೆಂದರೆ ಅಪ್ಪನಿಗೆ ಹುಚ್ಚು. ಒಂದೇ ಮಾವಿನ ಮರ ಒಂದು ಕಡೆ ಬಾದಾಮಿ, ಇನ್ನೊಂದು ಕಡೆ ರಸಪೂರಿ ಬಿಡುವಂತೆ ಮಾಡಿ, ಬಂದವರನ್ನೆಲ್ಲ ಅದರ ಕೆಳಗೆ ನಿಲ್ಲಿಸಿ ತೋರಿಸುತ್ತಿದ್ದ. ಆದರೆ ಇವೆಲ್ಲಕ್ಕಿಂತ ದೊಡ್ಡದು ಬಚ್ಚಲ ಮಾವು. ಬಚ್ಚಲಿನ ಹಿಂದೆ, ನಮ್ಮೆಲ್ಲರ ಮೈ ತೊಳೆದ ನೀರನ್ನೇ ಕುಡಿದು ಬೆಳೆದ ಮರ. ಹಣ್ಣಾದರೂ ಸಿಪ್ಪೆ ಹಸಿರಾಗಿಯೇ ಇರುತ್ತಿತ್ತು. ಕುಯ್ದರೆ ಒಳಗೆ ಕುಂಕುಮದ ಬಣ್ಣ, ನಾರಿಲ್ಲ, ಬಾಯಲ್ಲಿಟ್ಟರೆ ಕರಗಿ ಹೋಗುವುದು. ಸುತ್ತಲ ಯಾವ ಊರಿನಲ್ಲೂ ಅಂಥ ಹಣ್ಣು ಇರಲಿಲ್ಲ, ಇರದ ಹಾಗೆ ನಮ್ಮ ಮನೆಯವರು ನೋಡಿಕೊಂಡಿದ್ದರು. ಕೇಳಿದವರಿಗೆ ಅಪ್ಪ ಬುಟ್ಟಿಗಟ್ಟಲೆ ಹಣ್ಣು ಕೊಡುತ್ತಿದ್ದ, ಕಸಿಗೆ ಒಂದು ಕಡ್ಡಿ ಮಾತ್ರ ಕೊಡುತ್ತಿರಲಿಲ್ಲ. ಅವನ ಚಾಕುಗಳನ್ನು ಸಾಣೆ ಹಿಡಿದುಕೊಡುತ್ತಿದ್ದ ಚನ್ನಪಟ್ಟಣದ ಗೊಂಬೆ ಕಡೆಯುವ ಸಾಹೇಬರು ಎಷ್ಟೋ ಬೇಸಿಗೆ ಕೇಳಿ ಕೇಳಿ ಸುಮ್ಮನಾದರು. ಕಡ್ಡಿ ಹೊರಗೆ ಹೋದರೆ ಮನೆಯ ಸಿರಿ ಹೋಗುತ್ತದೆ ಎಂದು ನಮ್ಮ ತಾತ ಹೇಳಿದ್ದನಂತೆ. ಮರದ ಸಿರಿಯನ್ನು ಇಷ್ಟು ಕಾದವರು ಅದರ ಹಣ್ಣನ್ನು ಮನೆಯೊಳಗೆ ಹೇಗೆ ಹಂಚುತ್ತಿದ್ದರು ಎನ್ನುವುದನ್ನೂ ಹೇಳಿಬಿಡುತ್ತೇನೆ. ಅಪ್ಪನೇ ಕುಯ್ಯುತ್ತಿದ್ದ. ಎರಡು ಕಡೆಯ ಕೆನ್ನೆ ಗಂಡಸರಿಗೆ, ಎಂದರೆ ಅಪ್ಪನಿಗೆ ಮತ್ತು ನನಗೆ. ಮಿಕ್ಕ ಓಟೆ, ಎಂದರೆ ಗೊರಟು, ಹೆಂಗಸರಿಗೆ. ಅವ್ವ, ಅಜ್ಜಿ, ಅಕ್ಕ ಬಾಗಿಲ ಹಿಂದೆ ಕೂತು ಓಟೆ ಚೀಪುತ್ತಿದ್ದರು. ಹುಟ್ಟಿದ ಮನೆಯಲ್ಲಿ ಇದ್ದಷ್ಟು ವರ್ಷವೂ ನಮ್ಮಕ್ಕ ಆ ಹಣ್ಣಿನ ಒಂದು ಕೆನ್ನೆಯನ್ನು ಪೂರ್ತಿ ತಿಂದವಳಲ್ಲ. ನನಗೆ ಅದು ಅನ್ಯಾಯವೆಂದು ಕಾಣಲಿಲ್ಲ. ಹಣ್ಣು ಹುಟ್ಟಿದ್ದೇ ಹಾಗೆ, ಕೆನ್ನೆ ನನಗಾಗಿ, ಓಟೆ ಅವಳಿಗಾಗಿ ಎಂದುಕೊಂಡಿದ್ದೆ.

ಅಕ್ಕ ನನಗಿಂತ ಆರೇಳು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಎತ್ತಿ ಬೆಳೆಸಿದವಳು ಅವಳೇ. ಅಪ್ಪ ಕಸಿ ಕಟ್ಟುವಾಗ ಬಾಳೆಯ ನಾರು ಸೀಳಿ ಕೊಡುವುದು, ಜೇಡಿಮಣ್ಣಿಗೆ ಸಗಣಿ ಬೆರೆಸಿ ಹದ ಮಾಡುವುದು ಅವಳ ಕೆಲಸ. ಕೊಡುತ್ತಾ ಕೊಡುತ್ತಾ ಕಲಿತಳು. ಅಪ್ಪ ಸಂತೆಗೆ ಹೋದ ದಿನ ಸೀಬೆಗೆ, ಸಪೋಟಕ್ಕೆ ತಾನೇ ಕಟ್ಟುತ್ತಿದ್ದಳು. ಅವು ಕೂಡಿಕೊಂಡರೆ ಅಪ್ಪ ತನ್ನವೆಂದೇ ಹೇಳಿಕೊಳ್ಳುತ್ತಿದ್ದ. ಅವಳನ್ನು ಮಾಗಡಿ ಕಡೆಯ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟರು. ಮದುವೆಯಾದ ಮೊದಲ ಆಷಾಢ ನಮ್ಮ ಕಡೆ ಹೊಸ ಹೆಣ್ಣು ಗಂಡನ ಮನೆಯಲ್ಲಿ ಇರಬಾರದು, ತವರಿಗೆ ಬರಬೇಕು. ಹಾಗೆ ಬಂದವಳು ಹಿಂದಿನ ವರ್ಷವೇ ಕುಂಡದಲ್ಲಿ ಹಾಕಿದ್ದ ಒಂದು ಓಟೆ ಸಸಿಯನ್ನು ಹುಡುಕಿ ತೆಗೆದಳು. ರಸ್ತೆ ಬದಿಯ ಹುಳಿಮಾವಿನ ಓಟೆಯಿಂದ ಹುಟ್ಟಿದ ಗಟ್ಟಿ ಸಸಿ. ಮದುವೆ ಗೊತ್ತಾಗುವ ಮುಂಚೆಯೇ ಅವಳ ಮನಸ್ಸಿನಲ್ಲಿ ಇದು ಇತ್ತೆಂದು ನನಗೆ ಈಗ ಅನ್ನಿಸುತ್ತದೆ. ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು.

“ಅಪ್ಪ, ಬಚ್ಚಲ ಮಾವ್ಗೆ ಒಂದ್ ಸಸಿ ಕಟ್ಕತೀನಿ. ಗೌರಿ ಹಬ್ಬುಕ್ ಬಂದಾಗ ತಗಂಡೋಯ್ತೀನಿ.”

ಅಪ್ಪ ಮುದ್ದೆ ಮುರಿಯುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ.

“ಸೀರೆ ಕೊಟ್ಟಿವ್ನಿ, ಪಾತ್ರೆ ಕೊಟ್ಟಿವ್ನಿ, ಓಲೆ ಮಾಡ್ಸಿ ಕೊಟ್ಟಿವ್ನಿ. ಹೆಣ್ಮಕ್ಳಿಗೆ ಮನೆ ಮರ ಕೊಟ್ಟೋರ್ನ ಎಲ್ಲಾರ ಕಂಡಿದ್ದೀಯ?”

“ಮರ ಎಲ್ ಕೇಳ್ದೆ? ಕಿರುಬೆಳ್ ಗಾತ್ರದ್ ಕಡ್ಡಿ ಕೇಳ್ದೆ.”

“ಕಡ್ಡೀನೇ ಮರ ಆಗೋದು. ನಿನ್ ಗಂಡುನ್ ಮನೇಲೂ ಅದೇ ಹಣ್ ಬುಟ್ರೆ ಇಲ್ಲಿಗ್ ಯಾರ್ ಬತ್ತಾರೆ?”

“ಅಂಗಾರೆ ನಾನ್ ಇಲ್ಲಿಗ್ ಬರೋದು ಹಣ್ ತಿನ್ನಕ್ಕಾ? ತಿಂದಿರೋದಾರೂ ಏನು? ಬರೀ ಓಟೆ!”

ಅಪ್ಪನ ಮುಂದೆ ಆ ಮನೆಯಲ್ಲಿ ಯಾರೂ ಹಾಗೆ ಮಾತಾಡಿರಲಿಲ್ಲ. ಅವ್ವ ಸಾರಿನ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಅಜ್ಜಿ, ಅಪ್ಪನ ಅವ್ವ, ಎಲೆಅಡಿಕೆಯನ್ನು ದವಡೆಗೆ ಸರಿಸಿ ಬಾಯಿ ಬಿಟ್ಟಳು.

“ಕಟ್ಕಂಡೋಗ್ಲಿ ಬುಡ್ಲಾ. ನಾನ್ ಈ ಮನೆಗ್ ಬಂದಾಗ ನಮ್ ತೌರಿಂದ ದಾಳಿಂಬೆ ಕಡ್ಡಿ ಸೆರಗಲ್ ಕಟ್ಕಂಡ್ ಬಂದೆ. ಅದುನ್ನೇ ಅಲ್ವಾ ನೀನು ನಮ್ಮಪ್ಪುಂದು ನಮ್ಮಪ್ಪುಂದು ಅಂತ ಊರೋರ್ಗೆಲ್ಲ ತೋರ್ಸೋದು?”

ಅಕ್ಕ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. ನನಗೂ ನಗು ಬಂತು. ಅಪ್ಪ ಅರ್ಧ ಮುದ್ದೆ ಬಿಟ್ಟು ಕೈ ತೊಳೆದ.

“ಕಟ್ಕಳಿ. ನಾನಂತೂ ಕಾಣೆ,” ಎಂದು ಎದ್ದು ಹೋದ.

ಅಕ್ಕ ಅವತ್ತೇ ಕಟ್ಟಿದಳು. ಈಗಿನವರು ಪ್ಲಾಸ್ಟಿಕ್ ಸುತ್ತಿ ಕಡ್ಡಿ ಸಿಕ್ಕಿಸಿ ಮುಗಿಸುತ್ತಾರೆ, ಆಗಿನದು ಒಟ್ಟುಕಸಿ. ಸಸಿಯ ಕುಂಡವನ್ನೇ ಮರದ ಕೊಂಬೆಯ ಎತ್ತರಕ್ಕೆ ಅಟ್ಟಣೆ ಕಟ್ಟಿ ಇಡಬೇಕು. ಸಸಿಯ ಕಾಂಡದಲ್ಲಿ ಒಂದು ಬೆರಳುದ್ದ, ಮರದ ಕೊಂಬೆಯಲ್ಲಿ ಒಂದು ಬೆರಳುದ್ದ ತೊಗಟೆ ಕೆತ್ತಿ, ಗಾಯಕ್ಕೆ ಗಾಯ ಸೇರಿಸಿ ನಾರಿನಿಂದ ಬಿಗಿದು ಮಣ್ಣು ಮೆತ್ತಬೇಕು. ಎರಡು ತಿಂಗಳಲ್ಲಿ ಎರಡೂ ಒಂದಾಗುತ್ತವೆ. ಆಮೇಲೆ ಗಂಟಿನ ಮೇಲಿರುವ ಸಸಿಯ ತಲೆಯನ್ನು ಕುಯ್ದು ಹಾಕಿ, ಗಂಟಿನ ಕೆಳಗೆ ಮರದ ಕೊಂಬೆಯನ್ನು ಕುಯ್ದು ಬಿಡಿಸಿದರೆ ಆಯಿತು: ಬೇರು ಹುಳಿಮಾವಿನದು, ತಲೆ ಬಚ್ಚಲ ಮಾವಿನದು. ಆಷಾಢ ಒಂದು ತಿಂಗಳು, ಕಸಿಗೆ ಬೇಕಾದದ್ದು ಎರಡು. ಹೆಣ್ಣಿಗೆ ತವರಿನಲ್ಲಿ ಇರಲು ಕೊಟ್ಟ ಕಾಲ ಕಸಿ ಕೂಡುವುದಕ್ಕೂ ಸಾಲದು. ಆದ್ದರಿಂದ ಮಿಕ್ಕ ತಿಂಗಳು ನೋಡಿಕೊಳ್ಳುವುದನ್ನು, ಕೊನೆಗೆ ಕುಯ್ಯುವುದನ್ನು ಅವಳು ನನಗೆ ಒಪ್ಪಿಸಿದಳು. ಅಪ್ಪ ಕಾಣೆ ಎಂದಿದ್ದ, ಅವ್ವನಿಗೆ ಮರ ಹತ್ತಲು ಆಗುತ್ತಿರಲಿಲ್ಲ.

“ದಿನಾ ಒಂದ್ ಚೊಂಬ್ ನೀರು ಕಣ್ಲಾ ಮಗ. ಕಟ್ ಬಿಚ್ಬೇಡ, ಏನಾಯ್ತು ಅಂತ ಇಣಿಕ್ಬೇಡ.”

“ಕುಯ್ಯೋದ್ ಎಂಗೆ?”

“ಸಸಿ ತಲೆ ಗಂಟ್ ಮೇಲೆ, ಮರುದ್ ಕೊಂಬೆ ಗಂಟ್ ಕೆಳ್ಗೆ. ಎಲ್ಲಿ, ಹೇಳು?”

“ಸಸಿ ತಲೆ ಮೇಲೆ, ಮರುದ್ ಕೊಂಬೆ ಕೆಳ್ಗೆ.”

“ಭೇಷ್. ನೀನೇ ಕಣ್ಲಾ ನಂಗ್ ದಿಕ್ಕು,” ಎಂದು ತಲೆಗೆ ಮೊಟಕಿದಳು.

ಶುರುವಿನಲ್ಲಿ ನಾನು ಮನಸ್ಸಿಟ್ಟೇ ನೀರು ಹಾಕಿದೆ. ಸ್ಕೂಲಿನಿಂದ ಬಂದವನು ಚೀಲ ಬಿಸಾಕಿ ಚೊಂಬು ಹಿಡಿದು ಏಣಿ ಹತ್ತುತ್ತಿದ್ದೆ. ಒಂದು ದಿನ ಕೆಳಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದ ಅಪ್ಪ ತಲೆಯೆತ್ತಿ ನೋಡಿದ.

“ಚೆನ್ನಾಗ್ ಹಾಕ್ಲಾ ನೀರ. ಮಾಗಡಿಯೋರು ತಿನ್ಲಿ ನಿನ್ ಹಣ್ಣ.”

“ಅಕ್ಕುಂಗ್ ತಾನೆ?”

“ಅಕ್ಕ ಯಾರು ಈಗ? ಅವ್ರ್ ಮನೆ ಸೊಸೆ. ಈ ಮನೆ, ಈ ಮರ ನಾಳೀಕ್ ಯಾರ್ದು? ನಿಂದು. ನಿನ್ ಸ್ವತ್ತುಗ್ ನೀನೇ ಕಳ್ಳುನ್ ಬುಟ್ಕತಾ ಇದ್ದೀಯಲ್ಲೋ ಪೆದ್ ಮುಂಡೇದೆ.”

ಇಷ್ಟೇ. ಕುಯ್ಯಿ ಎಂದು ಅಪ್ಪ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಹದಿಮೂರು ವರ್ಷದ ಹುಡುಗನಿಗೆ ಹುಟ್ಟಿದಾಗಿನಿಂದ ಹಣ್ಣಿನ ಕೆನ್ನೆ ತಿನ್ನಿಸಿ, ಇದೆಲ್ಲ ನಿನ್ನದು ಎಂದರೆ ಅವನಿಗೆ ಮಿಕ್ಕಿದ್ದು ತಾನಾಗಿ ತಿಳಿಯುತ್ತದೆ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಒಂದೇ ಸಂಜೆಗೆ ಕಳ್ಳಿಯಾದಳು. ಅಪ್ಪನ ಮೇಲೆ ನನಗೆ ಇವತ್ತಿಗೂ ಕೋಪವಿದೆ. ಆದರೆ ಆ ಕೋಪದ ನೆರಳಿನಲ್ಲಿ ನಾನು ತಣ್ಣಗೆ ಕೂರುವ ಹಾಗಿಲ್ಲ. ಸಿಟ್ಟಿನಲ್ಲಿ ಕುಂಡವನ್ನು ಒದ್ದು ಕೆಡವಿದ್ದರೆ ಅದು ಹುಡುಗುತನವಾಗುತ್ತಿತ್ತು. ಅಕ್ಕ ಎರಡು ದಿನ ಅತ್ತು, ನನಗೆ ನಾಲ್ಕು ಬಾರಿಸಿ, ಮುಂದಿನ ವರ್ಷ ಇನ್ನೊಂದು ಕಟ್ಟುತ್ತಿದ್ದಳು. ನಾನು ಹಾಗೆ ಮಾಡಲಿಲ್ಲ. ಗೌರಿ ಹಬ್ಬ ಹತ್ತಿರ ಬಂದಾಗ ಅಪ್ಪನ ಚಾಕು ತೆಗೆದುಕೊಂಡು ಹತ್ತಿದೆ. ಗಂಟು ಚೆನ್ನಾಗಿ ಕೂಡಿತ್ತು, ಬೆರಳಿನಿಂದ ಒತ್ತಿ ನೋಡಿದೆ. ಗಂಟಿನ ಮೇಲೆ ಎರಡು ತಲೆ, ಒಂದು ಸಸಿಯದು, ಒಂದು ಮರದ್ದು. ನಾನು ಮರದ ತಲೆಯನ್ನು ಕುಯ್ದು ಸಸಿಯ ತಲೆಯನ್ನು ಬಿಟ್ಟೆ. ಕೆಳಗೆ ಕೊಂಬೆಯನ್ನು ಅಕ್ಕ ಹೇಳಿದ ಹಾಗೆಯೇ ಕುಯ್ದೆ. ಗಾಯಗಳಿಗೆ ಹೊಸ ಮಣ್ಣು ಮೆತ್ತಿದೆ. ನೋಡಿದವರಿಗೆ ಗಂಟಿದೆ, ಗಂಟಿನ ಮೇಲೆ ಹಸಿರು ಎಲೆಯಿದೆ, ಪಕ್ಕಾ ಕಸಿ ಗಿಡ. ಅದರ ತಲೆಯೂ ಹುಳಿ, ಬೇರೂ ಹುಳಿ ಎನ್ನುವುದು ನನಗೊಬ್ಬನಿಗೇ ಗೊತ್ತು. ಅಕ್ಕ ವರ್ಷಗಟ್ಟಲೆ ನೀರೆರೆದು ಸಾಕಲಿ, ಕಾಯಲಿ, ಕೊನೆಗೆ ಹುಳಿ ಕಾಯಿ ಕಾಣಲಿ ಎಂದು ಗಿಡವನ್ನು ಬದುಕಿಸಿ ಕಳಿಸಿದೆ. ಇದಕ್ಕೆ ಹುಡುಗುತನ ಎಂದು ಯಾರಾದರೂ ಹೆಸರಿಟ್ಟರೆ ನಾನು ಒಪ್ಪುವುದಿಲ್ಲ.

ಅಕ್ಕ ಬಾಗಿನಕ್ಕೆ ಬಂದಳು. ಕುಂಡ ನೋಡಿ ನನ್ನ ಎರಡೂ ಕೆನ್ನೆ ಹಿಂಡಿದಳು. ಅವಳಿಗೆ ಗೊತ್ತಾಗಬಹುದಿತ್ತು. ಒಂದು ಎಲೆ ಹಿಸುಕಿ ಮೂಸಿದ್ದರೆ ಸಾಕಿತ್ತು, ನಮ್ಮ ಮರದ ಎಲೆಯ ವಾಸನೆಯೇ ಬೇರೆ. ಮೂಸಲಿಲ್ಲ. ತಮ್ಮ ಕುಯ್ದು ಕೊಟ್ಟದ್ದನ್ನು ಯಾಕೆ ಮೂಸಬೇಕು? ಮೂಸಿದವನು ಅಪ್ಪ. ಜಗಲಿಯ ಮೇಲಿದ್ದ ಕುಂಡದಿಂದ ಒಂದು ಎಲೆ ಕಿತ್ತು, ಉಜ್ಜಿ, ಮೂಗಿನ ಹತ್ತಿರ ಹಿಡಿದ. ನನ್ನನ್ನು ನೋಡಿದ. ಕೈಯನ್ನು ಪಂಚೆಗೆ ಒರೆಸಿಕೊಂಡು ಒಳಗೆ ಹೋದ. ಅಕ್ಕ ಮಡಿಲಿನಲ್ಲಿ ಮಗುವಿನ ಹಾಗೆ ಕುಂಡ ಇಟ್ಟುಕೊಂಡು ಮಾಗಡಿ ಬಸ್ಸು ಹತ್ತಿದಳು. ಅದಾದ ಮೇಲೆ ಅಪ್ಪ ನನ್ನೊಬ್ಬನನ್ನೇ ಬಿಡದಿಗೆ ಕರೆದುಕೊಂಡು ಹೋಗಿ ತಟ್ಟೆ ಇಡ್ಲಿ ಕೊಡಿಸಿದ. ಬೆಣ್ಣೆ ಹಾಕಿಸಿಕೊಂಡು ತಿಂದೆ. ರುಚಿಯಾಗಿತ್ತು.

ಕಸಿ ಗಿಡವಾಗಿದ್ದರೆ ಮೂರು ನಾಲ್ಕು ವರ್ಷಕ್ಕೆ ಹೂ ಬಿಡಬೇಕಿತ್ತು. ಅದು ಬಿಡಲಿಲ್ಲ. ಅಕ್ಕ ಬುಡಕ್ಕೆ ಗೊಬ್ಬರ ಹಾಕಿದಳು, ಕಾದಳು, ಹರಕೆ ಕೂಡ ಹೊತ್ತಳಂತೆ. ಕಡೆಗೂ ಅದು ಕಾಯಿ ಬಿಟ್ಟ ಬೇಸಿಗೆಯಲ್ಲಿ ಅವಳನ್ನು ಊರಿಗೆ ಕರೆತರಲು ನಾನೇ ಹೋಗಿದ್ದೆ. ಹೈಸ್ಕೂಲು ಮುಗಿಸಿ ಕೆಲವು ವರ್ಷವಾಗಿ, ಮೀಸೆ ಬಂದಿದ್ದ ವಯಸ್ಸು. ಅವಳ ಅತ್ತೆ ತಟ್ಟೆಯಲ್ಲಿ ಹೋಳುಗಳನ್ನು ತಂದು ನನ್ನ ಮುಂದಿಟ್ಟಳು. ಬರೀ ನಾರು, ಓಟೆಯೊಳಗೆ ಹುಳು.

“ತಿನ್ನಪ್ಪ, ನಿಮ್ಮನೇದೇಯ. ನಮ್ಗೆ ಹಲ್ ಜುಮ್ ಅಂತವೆ.”

ಭಾವ ಬಾಗಿಲಿಗೆ ಒರಗಿಕೊಂಡು ನಕ್ಕ. “ನಮ್ಮಾವ ಮಾತಲ್ ರಸಪೂರಿ, ಕೊಟ್ಟುದ್ ಮಾತ್ರ ಕಾಡ್ ಮಾವು.”

ಆ ಮನೆಯಲ್ಲಿ ಅದೊಂದು ಗಾದೆಯೇ ಆಗಿಹೋಗಿತ್ತು. ಮೊಳೆಯದ ಬಿತ್ತನೆ, ನೊಗಕ್ಕೆ ಕಟ್ಟಿದರೆ ಮಲಗುವ ಎತ್ತು, ಗುಡುಗಿ ಹೋಗುವ ಮೋಡ, ಎಲ್ಲದಕ್ಕೂ ‘ತೌರ್ ಮಾವು’ ಎನ್ನುವರು. ಅಕ್ಕ ಏನಾದರೂ ಹೇಳಲು ಬಾಯಿ ತೆರೆದರೆ, ಸಣ್ಣ ಮಕ್ಕಳೂ ಅದನ್ನೇ ಹೇಳಿ ನಗುವುದನ್ನು ನಾನು ಕಣ್ಣಾರೆ ಕಂಡೆ. ಅವಳು ನಗಲಿಲ್ಲ. ನನ್ನ ಜೊತೆ ಬಸ್ಸು ಹತ್ತಿದಳು. ಮನೆಗೆ ಬಂದವಳು ಊಟಕ್ಕೆ ಕೂರುವ ಮುಂಚೆ ಅಪ್ಪನ ಎದುರು ನಿಂತಳು. ನಾನು ಕಾಲು ತೊಳೆದು ತಟ್ಟೆಯ ಮುಂದೆ ಕೂತಿದ್ದೆ.

“ಕುಂಡ ಬದ್ಲಾಯ್ಸ್ದೋನ್ ನೀನೇ ಅಲ್ವಾ ಅಪ್ಪ?”

ಅಪ್ಪ ಹೆಗಲ ಮೇಲಿನ ಟವಲು ತೆಗೆದು ಮಡಚತೊಡಗಿದ.

“ಕೊಡಲ್ಲ ಅಂದಿದ್ರೆ ಅತ್ಕಂಡ್ ಸುಮ್ಕಾಯ್ತಿದ್ದೆ. ಕೊಟ್ಟಂಗ್ ಮಾಡ್ಬುಟ್ಟು ನಾಕ್ ಜನುದ್ ಮುಂದೆ ನಗೆಪಾಟ್ಲು ಮಾಡ್ದಲ್ಲಪ್ಪ.”

“ನಾನ್ ಮುಟ್ಲಿಲ್ಲ ಕಣವ್ವ.”

“ಮತ್ತಿನ್ಯಾರ್ ಮುಟ್ಟಿದ್ರು?”

ಅಪ್ಪ ನನ್ನ ಕಡೆ ನೋಡಿದ. ನಾನು ತಟ್ಟೆಯಲ್ಲಿದ್ದ ಉಪ್ಪನ್ನು ನೋಡುತ್ತಿದ್ದೆ. ಅವನು ನನ್ನ ಹೆಸರು ಹೇಳಲಿಲ್ಲ. ಮಗನನ್ನು ಕಾಪಾಡಿದನೋ, ತನ್ನ ಮಾತು ಹೊರಗೆ ಬೀಳುತ್ತದೆಂದು ಹೆದರಿದನೋ ನನಗೆ ತಿಳಿಯದು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅಕ್ಕ ಅವ್ವ ಹಾಕಿದ ಊಟವನ್ನು ಮುಟ್ಟದೆ, ಬಂದ ದಾರಿಯಲ್ಲೇ ಹೊರಟಳು. ಆಮೇಲೆ ಗೌರಿ ಹಬ್ಬಕ್ಕೆ ಅವಳು ಬರಲಿಲ್ಲ. ಅವ್ವ ಪ್ರತಿ ವರ್ಷ ಮೊರದ ಬಾಗಿನ ಕಟ್ಟಿ, ಸಂಜೆಯವರೆಗೂ ಬಾಗಿಲಲ್ಲಿ ಕೂತು, ಕೊನೆಗೆ ಬೀದಿಯ ಯಾವಳೋ ಮುತ್ತೈದೆಗೆ ಕೊಟ್ಟುಬಿಡುತ್ತಿದ್ದಳು. ಹಾಗೆ ಕೂತು ಕೂತೇ ಹೋದಳು. ಅಪ್ಪ ಸತ್ತಾಗ ಅಕ್ಕ ಬಂದು, ಹೆಣದ ಕಾಲ ಬಳಿ ನಿಂತು, ಮೂರನೇ ದಿನದ ಹಾಲುತುಪ್ಪಕ್ಕೂ ಇರದೆ ಹಿಂತಿರುಗಿದಳು. ನೆಂಟರೆಲ್ಲ ಅವಳನ್ನೇ ಆಡಿಕೊಂಡರು.

“ಒಂದ್ ಮಾವಿನ್ ಗಿಡುಕ್ಕೆ ತೌರ್ನೇ ಬುಟ್ಳಲ್ಲ. ಎಂಥಾ ಹಠ ಇದ್ದಾದು!”

ಆ ಗುಂಪಿನಲ್ಲಿ ನಾನೂ ಕೂತಿದ್ದೆ. ತಲೆ ಆಡಿಸಿದೆನೋ ಏನೋ, ಆಡಿಸಿದ್ದರೂ ಆಶ್ಚರ್ಯವಿಲ್ಲ.

ಇನ್ನು ಆ ಮರದ ಕತೆ. ಹೆಣ್ಣು ಮಗಳಿಗೆ ಒಂದು ಕಡ್ಡಿ ಹೋಗಬಾರದೆಂದು ತಲೆಮಾರುಗಟ್ಟಲೆ ಕಾದ ಮರವನ್ನು ಕಡಿಸಿದವನು ಅದರ ವಾರಸುದಾರ, ನಾನೇ. ಬಿಡದಿಯ ಕಾರ್ಖಾನೆಗೆ ಹೋಗುವ ಹುಡುಗರಿಗೆ ಬಾಡಿಗೆ ಕೊಡಲು ಹಿತ್ತಲಿನಲ್ಲಿ ಸಾಲು ರೂಮು ಕಟ್ಟಿಸಿದೆ. ಬಚ್ಚಲೂ ಹೋಯಿತು, ಮಾವೂ ಹೋಯಿತು. ಕಡಿಯುವ ಮುಂಚೆ ಎರಡು ಕಸಿ ಕಟ್ಟಿಕೊಳ್ಳಬೇಕೆಂದು ನನಗೆ ಹೊಳೆಯಲೂ ಇಲ್ಲ. ಆಮೇಲೆ ಹಣ್ಣಿನ ಕಾಲದಲ್ಲಿ ಆಸೆಯಾಗಿ ಅದರ ಕುಲ ಎಲ್ಲಾದರೂ ಉಳಿದಿದೆಯೇ ಎಂದು ಚನ್ನಪಟ್ಟಣದಿಂದ ಕನಕಪುರದವರೆಗೆ ತೋಟ ತೋಟ ಅಲೆದೆ. ಎಲ್ಲಿಯೂ ಇಲ್ಲ. ಇರಬೇಕಾಗಿದ್ದುದು ಭೂಮಿಯ ಮೇಲೆ ಒಂದೇ ಕಡೆ, ಮಾಗಡಿ ಹತ್ತಿರದ ಒಂದು ಮನೆಯ ಅಂಗಳದಲ್ಲಿ. ಮನೆಯ ಸಿರಿ ಉಳಿಸಿದೆವು ಎಂದು ಬೀಗಿದವರಿಗೆಲ್ಲ ಇದನ್ನು ಕೂಗಿ ಹೇಳಬೇಕೆನಿಸುತ್ತದೆ. ಕೇಳಿಸಿಕೊಳ್ಳಲು ಅವರು ಯಾರೂ ಬದುಕಿಲ್ಲ.

ಕಳೆದ ವರ್ಷ ಬೇಸಿಗೆಯಲ್ಲಿ ಗಟ್ಟಿ ಮನಸ್ಸು ಮಾಡಿ ಮಾಗಡಿ ಬಸ್ಸು ಹತ್ತಿದೆ. ಹೇಳಿಯೇ ಬರುತ್ತೇನೆ ಎಂದುಕೊಂಡಿದ್ದೆ. ಅಕ್ಕ ಅಂಗಳದಲ್ಲಿ ಆ ಹುಳಿಮಾವಿನ ಕೆಳಗೇ ಉಪ್ಪಿನಕಾಯಿಗೆ ಕಾಯಿ ಹೆಚ್ಚುತ್ತಾ ಕೂತಿದ್ದಳು. ಬೆನ್ನು ಬಗ್ಗಿತ್ತು, ಕೈ ಮಾತ್ರ ಹಾಗೇ ಓಡುತ್ತಿತ್ತು. ನನ್ನನ್ನು ಕಂಡು ಈಳಿಗೆಮಣೆ ಮಡಚಿದಳು. ಅದೂ ಇದೂ ಮಾತಾಡಿದೆವು. ನೀರು ಕೇಳಿ ಕುಡಿದೆ. ಹೇಗೋ ಮಾಡಿ ಮಾತು ತೆಗೆದೆ.

“ಅಕ್ಕ, ಆಮೇಲ್ ನೀನು ಇಲ್ಲಿ ಯಾವ್ದುಕ್ಕೂ ಕಸಿ ಕಟ್ಲಿಲ್ವಾ? ಜಾಗ ಇಷ್ಟೊಂದೈತೆ.”

“ಊಂಹೂಂ. ಅದೇ ಕೊನೆ. ಆಮೇಲ್ ಚಾಕೇ ಮುಟ್ಲಿಲ್ಲ.” ಸ್ವಲ್ಪ ಹೊತ್ತು ಕಾಯಿ ಹೋಳುಗಳನ್ನು ಕೈಯಲ್ಲಿ ಅತ್ತ ಇತ್ತ ಮಾಡಿದಳು. “ಅಪ್ಪುನ್ ಸುಮ್ನೆ ಬೈಕಂಡೆ ಕಣ್ಲಾ. ಈಗ್ ಯೋಚ್ನೆ ಮಾಡುದ್ರೆ ಅವ್ನೇನೂ ಮಾಡಿರ್ನಿಲ್ಲ ಅನ್ಸ್ತದೆ. ನನ್ ಕೈಯೇ ಸರಿಗಿರ್ಲಿಲ್ಲ. ಕಟ್ಟೋಕ್ ಬರ್ದಿದ್ರೂ ಬತ್ತದೆ ಅಂತ ಮೆರ್ದೆ.”

“ಅಂಗಲ್ಲಕ್ಕ…”

“ಬುಡು. ನೀನ್ ಪಾಪ ದಿನಾ ನೀರ್ ಹಾಕ್ದೆ.”

ಅವಳು ಅಳುತ್ತಿದ್ದರೆ ಹೇಳುತ್ತಿದ್ದೆ, ಬೈದಿದ್ದರೆ ಹೇಳುತ್ತಿದ್ದೆ. ಪಾಪ ಎಂದಳು. ಡಬ್ಬಿಯಲ್ಲಿ ಉಪ್ಪಿನಕಾಯಿ ಹಾಕಿ ಕೊಟ್ಟಳು, ಈಸಿಕೊಂಡು ಬಸ್ಸು ಹತ್ತಿದೆ. ಮುಂದಿನ ಸಲ ಬತ್ತೀನಿ ಎಂದು ಹೇಳಿ ಬಂದೆ. ಮುಂದಿನ ಸಲ ನಾನು ಹೋದದ್ದು ಅವಳನ್ನು ಮಣ್ಣು ಮಾಡುವುದಕ್ಕೆ. ಅಲ್ಲಿಯೂ ಒಬ್ಬರು, ಚಾಪೆಯ ಮೇಲೆ ಕಾಫಿ ಕುಡಿಯುತ್ತಾ, ಬಹಳ ಹಠದ ಹೆಂಗಸು, ಒಂದು ಗಿಡಕ್ಕೆ ತವರು ಬಿಟ್ಟವಳು ಎಂದರು. ಪಕ್ಕದವರು ನಕ್ಕರು. ನನ್ನ ಮೈಯೆಲ್ಲ ಬೆಂಕಿಯಾಯಿತು, ಎದ್ದು ನಿಂತೆ ಕೂಡ. ಆಮೇಲೆ ಬೀಡಿ ಸೇದಲು ಎದ್ದವನ ಹಾಗೆ ಹೊರಗೆ ನಡೆದೆ.

ಆದ್ದರಿಂದ ಆಗ ಆ ಚಾಪೆಯ ಮೇಲೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳದು ಹಠವಲ್ಲ. ಅವಳಿಗೆ ಮೋಸವಾಗಿತ್ತು. ಅವಳ ಕೈಯಲ್ಲಿ ಏನೂ ತಪ್ಪಿರಲಿಲ್ಲ, ಕಸಿ ಕೂಡಿತ್ತು, ನಾನು ಬೆರಳಿಟ್ಟು ನೋಡಿದ್ದೇನೆ. ನಮ್ಮ ಮನೆಯಲ್ಲಿ ಅವಳು ಮದುವೆಯಾದ ಮೇಲೆ ‘ಮಾಗಡಿಯೋಳು’, ಆ ಮನೆಯಲ್ಲಿ ಸಾಯುವ ತನಕ ‘ಚನ್ನಪಟ್ಟಣದೋಳು’. ನಾನು ಅಕ್ಕ ಎಂದೆ, ಬೇರೆ ಏನೂ ಎನ್ನಲಿಲ್ಲ. ಅವಳ ಹೆಸರು ಹೊಂಬಾಳಮ್ಮ.